ನಡಿಗೆಗೆ ದೊರೆತ ತಾಳ

ತಾಳವು ಹೆಜ್ಜೆಯನ್ನು ಆಳಬಲ್ಲುದೆಂಬುದನ್ನು ವೈದ್ಯರಿಗಿಂತ ಮೊದಲು ಸೇನಾನಿಗಳು ಕಂಡುಕೊಂಡರು. ಫ್ರಾನ್ಸಿನ ದಂಡನಾಯಕ ಮಾರಿಸ್ ದ ಸಾಕ್ಸ್, ತಾನು ಗತಿಸಿದ ಮೇಲೆ 1757ರಲ್ಲಿ ಪ್ರಕಟವಾದ ಯುದ್ಧವಿಚಾರಗ್ರಂಥದಲ್ಲಿ, ಸಹಸ್ರಾರು ಕಾಲುಗಳನ್ನು ಏಕಗತಿಯಲ್ಲಿ ನಡೆಸುವ ಉಪಾಯವು ತಾಳಬದ್ಧವಾದ ನಡಿಗೆಯೇ ಎಂದು ವಾದಿಸಿದ್ದನು. 1815ರಲ್ಲಿ ಮೆಲ್ಜೆಲ್ ಎಂಬಾತನು ಸಮಗತಿಯಲ್ಲಿ ಪೆಟ್ಟು ಕೊಡುವ ಮೆಟ್ರೊನೋಮ್ ಯಂತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆ ಲಯವು ಅಳತೆಗೂ ಸಿಕ್ಕಿತು. ಆದರೂ ಆ ಯಂತ್ರವು ಪಾರ್ಶ್ವವಾಯುವಿಗೆ ತುತ್ತಾದವನ ಬಳಿಗೆ ಬರುವುದಕ್ಕೆ ಸುಮಾರು ಒಂದೂಮುಕ್ಕಾಲು ಶತಮಾನ ಹಿಡಿಯಿತು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕದ ಸೈನಿಕಾಸ್ಪತ್ರೆಗಳನ್ನು ಸಂಗೀತವು ಹೊಕ್ಕಿತ್ತು. ಆದರೆ ಅಲ್ಲಿ ಅದರ ಕಾರ್ಯ ಬಹುಮಟ್ಟಿಗೆ ನೊಂದ ಮನಸ್ಸಿನ ಸಾಂತ್ವನ. ದಶಕಗಳು ಕಳೆದ ಮೇಲೆ, ಪಿಟೀಲುವಾದನದಲ್ಲಿ ಶಿಕ್ಷಣ ಪಡೆದು ವಿಜ್ಞಾನಕ್ಕೆ ಬಂದ ಮೈಕೆಲ್ ಥೌಟ್ ಅವರೂ, ನರರೋಗತಜ್ಞರಾದ ಜೆರಾಲ್ಡ್ ಮೆಕಿಂಟಾಷ್ ಅವರೂ ಕೊಲರಾಡೊ ಪ್ರಾಂತದ ಫೋರ್ಟ್ ಕಾಲಿನ್ಸ್ ನಗರದಲ್ಲಿ ಸಂಗೀತದ ಲಯವನ್ನೇ ರೋಗಿಯ ಕಾಲಿಗೆ ಒಪ್ಪಿಸಿ ನೋಡಿದರು. ಪಾರ್ಶ್ವವಾಯು ಬಡಿದವನ ನಡಿಗೆಯಲ್ಲಿ ಸೋತ ಕಾಲು ಭಾರಕ್ಕಂಜಿ ಬೇಗನೆ ನೆಲ ಬಿಡುವುದು, ಗಟ್ಟಿಕಾಲು ಬಹಳ ಹೊತ್ತು ಊರಿ ನಿಲ್ಲುವುದು. ಹೀಗೆ ಹೆಜ್ಜೆಹೆಜ್ಜೆಯ ನಡುವಣ ಕಾಲವಿಭಾಗವೇ ಕೆಡುವುದು. ಆದುದರಿಂದ ಅವನು ತನ್ನಷ್ಟಕ್ಕೆ ನಡೆವ ಗತಿಯನ್ನು ಮೊದಲು ಅಳೆದು, ಆ ಗತಿಗೇ ಮೆಟ್ರೊನೋಮನ್ನೋ, ಅದರ ಪೆಟ್ಟನ್ನು ಬೆರೆಸಿದ ವಾದ್ಯಸಂಗೀತವನ್ನೋ ಹೊಂದಿಸಿ, ಹೆಜ್ಜೆಯು ಪೆಟ್ಟಿನೊಡನೆ ಕೂಡಿಕೊಂಡ ಮೇಲೆ ಗತಿಯನ್ನು ಸ್ವಲ್ಪಸ್ವಲ್ಪವಾಗಿ ಏರಿಸುವ ಕ್ರಮವು ರೂಪುಗೊಂಡಿತು. ಮುಂದಿನ ಪೆಟ್ಟು ಯಾವಾಗ ಬೀಳುವುದೆಂಬುದನ್ನು ಕಿವಿಯು ಮುಂಚಿತವಾಗಿಯೇ ಅರಿಯುವುದರಿಂದ ಸ್ನಾಯುಗಳು ಆ ಕ್ಷಣಕ್ಕೆ ಮೊದಲೇ ಅಣಿಯಾಗುವುವು. ಈ ನಿರೀಕ್ಷೆಯೇ ಚಿಕಿತ್ಸೆಯ ಮರ್ಮವೆಂದು ನನಗೆ ತೋರುತ್ತದೆ.

1993ರಲ್ಲಿ ಮೊದಲ ಫಲಿತಾಂಶಗಳು ಪ್ರಕಟವಾದುವು. 1997ರಲ್ಲಿ ವರದಿಯಾದ ಪ್ರಯೋಗದಲ್ಲಿ 20 ಮಂದಿ ರೋಗಿಗಳು ಆರು ವಾರ ಅಭ್ಯಾಸ ನಡೆಸಿದರು: ಲಯವಿಲ್ಲದೆ ನಡೆದವರ ವೇಗ ಶೇಕಡ 107ರಷ್ಟು ಹೆಚ್ಚಿದರೆ, ಲಯದೊಡನೆ ನಡೆದವರದು ಶೇಕಡ 164ರಷ್ಟು ಹೆಚ್ಚಿತು, ಹೆಜ್ಜೆಯ ಉದ್ದದಲ್ಲಿ ಅಂತರವು ಶೇಕಡ 34ಕ್ಕೆ 88. ವಾಡಿಕೆಯ ಶುಶ್ರೂಷೆಯೂ ದೇಹದ ಸಹಜಶಕ್ತಿಯೂ ಕೂಡಿ ಎಸಗುವ ಉಪಕಾರವೇನೂ ಸಣ್ಣದಲ್ಲವೆಂಬುದನ್ನು ಮೊದಲ ಸಂಖ್ಯೆ ಸಾರುತ್ತದೆ. ಅದರ ಮೇಲಣ ಹೆಚ್ಚಳವು ಲಯದ ಪಾಲು. 2007ರಲ್ಲಿ 78 ಮಂದಿಯ ಮೇಲೆ ಮೂರು ವಾರ ನಡೆದ ಪರೀಕ್ಷೆಯ ವರದಿಯಲ್ಲಿ, ಬೋಬಾತ್ ದಂಪತಿಗಳ ಹೆಸರಿನಿಂದ ಪ್ರಸಿದ್ಧವಾದ ಚಿಕಿತ್ಸಾಕ್ರಮಕ್ಕಿಂತಲೂ ಇದೇ ಹೆಚ್ಚು ಫಲಕಾರಿಯಾಗಿ ಕಂಡಿತು.

ಇವು ಚಿಕ್ಕ ಪ್ರಯೋಗಗಳು. ಇದರಿಂದ ಎಲ್ಲರ ನಡಿಗೆಯೂ ಮರಳುವುದೆಂದು ಯಾರೂ ಭ್ರಮಿಸಬಾರದು. ಆದರೂ ಇಷ್ಟು ಅಲ್ಪವ್ಯಯದ ಸಾಧನವನ್ನು ಉಪೇಕ್ಷಿಸುವುದು ನ್ಯಾಯವಲ್ಲ. ಮನೆಯಲ್ಲಿ ಇಂಥ ರೋಗಿಯಿರುವವರು ತಾವಾಗಿಯೇ ತೊಡಗದೆ, ನುರಿತ ಫಿಸಿಯೋಥೆರಪಿಸ್ಟರನ್ನು ಈ ವಿಷಯವಾಗಿ ಒಮ್ಮೆ ವಿಚಾರಿಸಬೇಕೆಂದು ನನ್ನ ಪ್ರಾರ್ಥನೆ.