ಲೋಕಸಾಮಾನ್ಯ ಜ್ಞಾನವೂ ಸಮಾಜದ ಐಕ್ಯವೂ

ಒಂದು ಜನಸಮುದಾಯವನ್ನು ಒಂದಾಗಿ ಕಟ್ಟಿ ನಿಲ್ಲಿಸತಕ್ಕ ಬಂಧ ಯಾವುದೆಂಬ ಪ್ರಶ್ನೆಗೆ ರಾಜನೀತಿಜ್ಞರು ದಂಡವೆಂದೂ, ಧರ್ಮಜ್ಞರು ಆಚಾರವೆಂದೂ, ಅರ್ಥಶಾಸ್ತ್ರಜ್ಞರು ಪರಸ್ಪರ ಪ್ರಯೋಜನವೆಂದೂ ಉತ್ತರ ಕೊಟ್ಟಿರುವರು. ಫ್ರಾನ್ಸ್ ದೇಶದ ತತ್ತ್ವಜ್ಞನಾದ ಆಗಸ್ಟ್ ಕಾಮ್ಟ್ (1798–1857) ಇವೆಲ್ಲಕ್ಕೂ ಮೂಲವಾದುದು ಸಮಾನವಾದ ನಂಬಿಕೆಯೆಂದು ಸಾರಿದನು. 1789ರ ಮಹಾಕ್ರಾಂತಿಯ ತರುವಾಯ ಆ ದೇಶದಲ್ಲಿ ಹಳೆಯ ಶ್ರದ್ಧೆ ಮುರಿದುಬಿದ್ದಿತ್ತು. ಅದರ ಸ್ಥಾನದಲ್ಲಿ ಹೊಸದೊಂದು ನೆಲೆಗೊಂಡಿರಲಿಲ್ಲ. 1830ರಿಂದ 1842ರವರೆಗೆ ಆರು ಸಂಪುಟಗಳಲ್ಲಿ ಪ್ರಕಟವಾದ ತನ್ನ ಮುಖ್ಯ ಗ್ರಂಥದಲ್ಲಿ ಅವನು, ಮಾನವನ ಬುದ್ಧಿಯು ದೈವಿಕ, ತಾತ್ತ್ವಿಕ, ವೈಜ್ಞಾನಿಕ ಎಂಬ ಮೂರು ಅವಸ್ಥೆಗಳನ್ನು ಕ್ರಮವಾಗಿ ದಾಟುವುದೆಂದೂ, ಕಡೆಯ ಅವಸ್ಥೆಯಲ್ಲಿ ಸಮಾಜದ ಐಕ್ಯಕ್ಕೆ ವಿಜ್ಞಾನವೇ ಆಧಾರವಾಗಬೇಕೆಂದೂ ಪ್ರತಿಪಾದಿಸಿದನು. ಈ ಮತಕ್ಕೆ ಯೂರೋಪಿನಲ್ಲಿ ಪಾಸಿಟಿವಿಸಂ ಎಂದು ಹೆಸರು, ಕನ್ನಡದಲ್ಲಿ ಪ್ರತ್ಯಕ್ಷವಾದವೆನ್ನಬಹುದು. ಆದರೆ ಇದನ್ನು ಚಾರ್ವಾಕ ಮತದೊಡನೆ ಬೆರೆಸಲಾಗದು. ಚಾರ್ವಾಕರು ಅನುಮಾನವನ್ನು ಪ್ರಮಾಣವೆಂದು ಒಪ್ಪಲಿಲ್ಲ. ಕಾಮ್ಟನಾದರೋ ಅನುಮಾನವನ್ನೂ ನಿಯಮಗಳನ್ನೂ ಒಪ್ಪಿ, ಅವು ಅವಲೋಕನದಿಂದ ಪರೀಕ್ಷಿತವಾಗಿರಬೇಕೆಂದು ಮಾತ್ರ ವಿಧಿಸಿದನು.

ನಂಬಿಕೆಯು ಸಮಾನವಾಗಬೇಕಾದರೆ ಜ್ಞಾನವು ಪಂಡಿತರ ಸಭೆಯಲ್ಲಿಯೇ ಉಳಿದರೆ ಸಾಲದೆಂಬುದನ್ನು ಕಾಮ್ಟ್ ಬಲ್ಲವನಾಗಿದ್ದನು. 1831ರಿಂದ 1848ರವರೆಗೆ ಪ್ಯಾರಿಸ್ ನಗರದಲ್ಲಿ ಕೆಲಸಗಾರರ ಸಲುವಾಗಿ ಖಗೋಳಶಾಸ್ತ್ರವನ್ನು ಕುರಿತು ಪುಕ್ಕಟೆಯಾಗಿ ಉಪನ್ಯಾಸ ಮಾಡುತ್ತ ಬಂದನು. ಆದರೂ ಅವನ ಸಿದ್ಧಾಂತದಲ್ಲಿ ಒಂದು ತೊಡಕಿತ್ತು. ಖಗೋಳಶಾಸ್ತ್ರದಲ್ಲಿ ಮನಬಂದ ಅಭಿಪ್ರಾಯಕ್ಕೆ ಅವಕಾಶವಿಲ್ಲದಂತೆ ಸಮಾಜವಿಚಾರದಲ್ಲಿಯೂ ಇರಬಾರದೆಂಬುದು ಅವನ ತಾರುಣ್ಯದ ಲೇಖನದಲ್ಲಿಯೇ ಕಂಡುಬರುವ ಮಾತು. ಹಾಗಾದರೆ ಜನರು ಜ್ಞಾನವನ್ನು ಪರೀಕ್ಷಿಸಿ ಒಪ್ಪತಕ್ಕವರೋ, ಬಲ್ಲವರ ಮಾತೆಂದು ತಲೆಬಾಗತಕ್ಕವರೋ? ಕಡೆಗಾಲದಲ್ಲಿ ಪುರೋಹಿತವರ್ಗ ಸಹಿತವಾದ ಮಾನವಧರ್ಮವೊಂದನ್ನು ಅವನು ಏರ್ಪಡಿಸಲೆಳಸಿದುದನ್ನು ನೋಡಿದರೆ, ಎರಡನೆಯ ಪಕ್ಷದ ಕಡೆಗೇ ಅವನ ಒಲವು ಬೆಳೆಯಿತೆನ್ನಬೇಕಾಗುವುದು.

ಭಾರತದಲ್ಲಿ ಈ ಮತಕ್ಕೆ ಹೆಚ್ಚಿನ ಆದರ ದೊರೆತುದು ವಂಗದೇಶದಲ್ಲಿ. ಬಂಕಿಮಚಂದ್ರ ಚಟ್ಟೋಪಾಧ್ಯಾಯರೇ ಮೊದಲಾದವರು ಕಾಮ್ಟನನ್ನು ಓದಿ ಚರ್ಚಿಸಿದರು. ಅಲ್ಲಿ ಅದು ಬಹುಮಟ್ಟಿಗೆ ಇಂಗ್ಲಿಷು ಬಲ್ಲವರ ತತ್ತ್ವವಿಚಾರವಾಗಿತ್ತು. ಮೈಸೂರು ಸಂಸ್ಥಾನದಲ್ಲಿ ನಡೆದ ಕೆಲಸವು ಕಾಮ್ಟನ ಶಿಷ್ಯರದಲ್ಲ. ಆದರೆ ಅವನು ಎತ್ತಿದ ಪ್ರಶ್ನೆಗೆ ಉತ್ತರವು ಗ್ರಂಥಗಳಿಗಿಂತ ಹೊಲತೋಟಗಳಲ್ಲಿ ಸ್ಫುಟವಾಗಿ ಕಾಣುವುದರಿಂದ, ಈ ಸಂಸ್ಥಾನದ ಚರಿತ್ರೆಯು ಇಲ್ಲಿ ಪ್ರಕೃತವಾಗಿದೆ.

ಧಾತು ಈಶ್ವರ ಸಂವತ್ಸರಗಳ ಕ್ಷಾಮದಿಂದ ಮೈಸೂರು ತತ್ತರಿಸಿತು. 1871ರಲ್ಲಿ 50 ಲಕ್ಷಕ್ಕೆ ಮೀರಿದ್ದ ಜನಸಂಖ್ಯೆಯು 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಬೇಸಾಯದ ಜ್ಞಾನವು ಪ್ರಾಣರಕ್ಷಣೆಯ ವಿಷಯವೆಂಬುದು ಆ ತಲೆಮಾರಿಗೆ ಅನುಭವದಿಂದಲೇ ವೇದ್ಯವಾಗಿತ್ತು. 1899ರಲ್ಲಿ ರಾಜಪ್ರತಿನಿಧಿಗಳಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ಬೆಂಗಳೂರಿನ ಉತ್ತರಕ್ಕೆ ಯಲಹಂಕದ ಹಾದಿಯಲ್ಲಿರುವ ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಕೃಷಿಪ್ರಯೋಗಕ್ಕಾಗಿ ಕೊಡಿಸಿದರು. ರಸಾಯನಶಾಸ್ತ್ರಜ್ಞರಾದ ಡಾಕ್ಟರ್ ಲೇಮನ್ನರು ಅಲ್ಲಿ ಮಣ್ಣು ಗೊಬ್ಬರಗಳ ಪರೀಕ್ಷೆಗೆ ತೊಡಗಿದರು. 1913ರಲ್ಲಿ ಕೃಷಿ ಪಾಠಶಾಲೆಯೂ, 1946ರಲ್ಲಿ ಕಾಲೇಜೂ ಅಲ್ಲಿ ಏರ್ಪಟ್ಟುವು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯವು ಈ ಬೇರಿನಿಂದಲೇ ಚಿಗುರಿತು. ನಾಟಿ ರಾಗಿಯಿಂದ ಆರಿಸಿ ಬೆಳೆಸಿದ ಎಚ್ 22 ಎಂಬ ತಳಿಯು 1918ರಲ್ಲಿ ರೈತರ ಕೈಸೇರಿತು.

ಈ ಜ್ಞಾನವು ಲೋಕಸಾಮಾನ್ಯವಾದ ಬಗೆಯನ್ನು ತಿಳಿಯಲು ಮಲೆನಾಡಿನ ಅಡಕೆಯ ಕೊಳೆರೋಗಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ಮುಂಗಾರು ಮಳೆ ಬಿಡದೆ ಹಿಡಿದಾಗ ಎಳೆಯ ಕಾಯಿಗಳು ಕೊಳೆತು ಉದುರಿ, ವರ್ಷದ ಫಸಲೇ ಮಣ್ಣುಪಾಲಾಗುತ್ತಿತ್ತು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುವ ಪದ್ಧತಿಯನ್ನು ತೋಟಗಾರರು ಹಿಂದಿನಿಂದಲೂ ಬಲ್ಲವರಾಗಿದ್ದರು. 1908ರಲ್ಲಿ ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಈ ರೋಗಕ್ಕೆ ಒಂದು ಬಗೆಯ ಸೂಕ್ಷ್ಮವಾದ ಬೂಷ್ಟು ಕಾರಣವೆಂದು ತೋರಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಕೂಡಿಸಿದ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆ ಗೊನೆಗಳಿಗೆ ಸಿಂಪಡಿಸಿದರೆ ರೋಗವು ತಡೆಯುವುದೆಂಬುದು ಪ್ರಯೋಗದಿಂದ ಸ್ಥಿರಪಟ್ಟಿತು.

ಆ ದ್ರಾವಣದ ಹುಟ್ಟೂ ಗಮನಾರ್ಹವಾದುದು. ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರು ಹಾದಿಹೋಕರು ಹಣ್ಣು ಕೀಳದಿರಲೆಂದು ಬೇಲಿಯಂಚಿನ ಬಳ್ಳಿಗಳಿಗೆ ಇಂತಹ ನೀರನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದುದನ್ನು ಕಂಡು ಮಿಲಾರ್ಡೆ ಎಂಬ ಪಂಡಿತನು 1885ರಲ್ಲಿ ಅದನ್ನು ಶಾಸ್ತ್ರಕ್ಕೆ ಅಳವಡಿಸಿದನು. ಜ್ಞಾನವು ಮೇಲಿನಿಂದ ಕೆಳಗೆ ಮಾತ್ರ ಹರಿಯತಕ್ಕದ್ದೆಂಬ ಭಾವನೆಗೆ ಇದೊಂದೇ ಸಂಗತಿ ಸಾಕಾದಷ್ಟು ಉತ್ತರವಾಗಿದೆ. ಮಲೆನಾಡಿನ ತೋಟಗಾರನು ಬೂಷ್ಟನ್ನು ಕಣ್ಣಾರೆ ಕಂಡವನಲ್ಲ. ಆದರೆ ಮದ್ದು ಹೊಡೆದ ಮರವನ್ನೂ ಹೊಡೆಯದ ಮರವನ್ನೂ ಎದುರುಬದುರಾಗಿ ನೋಡಬಲ್ಲವನಾಗಿದ್ದನು. ಅವನ ಒಪ್ಪಿಗೆಯು ವಿಧೇಯತೆಯಲ್ಲ, ಪರೀಕ್ಷೆ. ಅಷ್ಟೇ ಅಲ್ಲದೆ, ನೆರೆಯವನ ತೋಟವು ಕೊಳೆಯುತ್ತಿರುವಾಗ ತನ್ನದೊಂದೇ ಕ್ಷೇಮವಾಗಿರದೆಂಬ ಅರಿವು ಜಾತಿಪಂಥಗಳನ್ನು ಕೇಳದೆ ಎಲ್ಲ ಬೇಲಿಗಳನ್ನೂ ದಾಟತಕ್ಕದ್ದು. ಸಮಾನಜ್ಞಾನವು ಐಕ್ಯಕ್ಕೆ ಸಾಧನವಾಗುವುದು ಇಂತಹ ಸ್ಥಳದಲ್ಲಿ.

ಆದರೆ ಮರ ನೋಡಿ ತಿಳಿಯಲಾಗದ ವಿಷಯಗಳಿಗೆ ಭಾಷೆಯೇ ದಾರಿ. ಹೆಬ್ಬಾಳಕ್ಕೆ ಅನತಿದೂರದಲ್ಲಿ, ಯಶವಂತಪುರದ ಮಗ್ಗುಲಲ್ಲಿ, ಸಂಸ್ಥಾನವು ಕೊಟ್ಟ 371 ಎಕರೆಗಳ ಭೂಮಿಯಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಮಂದಿರವು 1911ರಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಅಲ್ಲಿಯ ವಿದ್ಯೆ ಇಂಗ್ಲಿಷಿನಲ್ಲಿತ್ತು. ಪ್ರಾಕಾರದ ಹೊರಗಿನ ಹಳ್ಳಿಗಳು ಕನ್ನಡವನ್ನಾಡುತ್ತಿದ್ದುವು. ಈ ಅಂತರವನ್ನು ಕಂಡವರಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಅಗ್ರಗಣ್ಯರು. 1911ರಲ್ಲಿ ಆರಂಭವಾದ ಮೈಸೂರು ಸಂಪದಭ್ಯುದಯ ಸಮಾಜದ ಪ್ರೇರಣೆಯಿಂದ 1915ರಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಅದರ ಕಾರ್ಯಭಾರವನ್ನು ಹೊತ್ತವರೂ ಅವರೇ. ಅವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪಾರಿಭಾಷಿಕ ಪದಗಳೇ ಇಲ್ಲದಿದ್ದ ಕಾಲದಲ್ಲಿ ಪದಗಳನ್ನು ಕಟ್ಟುತ್ತಲೇ ಶಾಸ್ತ್ರವನ್ನು ಹೇಳಬೇಕಾಗಿತ್ತು. ಪತ್ರಿಕೆಯು ಎರಡು ವರ್ಷ ನಡೆದು ನಿಂತುಹೋಯಿತು.

ಅದು ನಿಂತುದನ್ನು ನಿಷ್ಫಲತೆಯೆಂದು ಎಣಿಸಲಾಗದು. ವೆಂಕಟನಾರಣಪ್ಪನವರ ‘ಜೀವವಿಜ್ಞಾನ’ವು 1939ರಲ್ಲಿ ಬೆಳಕು ಕಂಡಿತು, 1978ರಲ್ಲಿ ‘ಬಾಲವಿಜ್ಞಾನ’ವೂ 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತೂ ಹುಟ್ಟಿ, ಯಶವಂತಪುರದ ಬಳಿಯ ಆ ಮಂದಿರದ ಆವರಣದಿಂದಲೇ ಕನ್ನಡದಲ್ಲಿ ವಿಜ್ಞಾನವನ್ನು ಹರಡತೊಡಗಿದುವು. ಆದರೆ ನಡುವಣ ದೀರ್ಘಕಾಲವು ಒಂದು ಸತ್ಯವನ್ನು ಸೂಚಿಸುವುದು: ಜ್ಞಾನವು ಹೆಚ್ಚಿದ ಮಾತ್ರಕ್ಕೆ ಸಮಾಜವು ಒಂದಾಗದು. ಕೆಲವರಲ್ಲಿ ಮಾತ್ರ ಹೆಚ್ಚಿದ ಜ್ಞಾನವು ಬಲ್ಲವರು, ಅರಿಯದವರು ಎಂಬ ಹೊಸದೊಂದು ಭೇದವನ್ನು ಹಳೆಯ ಭೇದಗಳ ಮೇಲೆ ಹೇರುವುದು. ‘ವಿಜ್ಞಾನ’ವು ಹೊರಟ 1918ರಲ್ಲಿಯೇ, ಸಂಸ್ಥಾನದ ಹುದ್ದೆಗಳಲ್ಲಿಯೂ ವಿದ್ಯೆಯಲ್ಲಿಯೂ ಹಿಂದುಳಿದ ಜಾತಿಗಳವರ ಸ್ಥಿತಿಯನ್ನು ವಿಚಾರಿಸಲು ಸರ್ ಲೆಸ್ಲಿ ಮಿಲ್ಲರ್ ಸಮಿತಿಯು ನೇಮಕವಾದುದು ಈ ಭೇದಕ್ಕೆ ಸಾಕ್ಷಿಯಾಗಿದೆ.

ಸಮಾನವಾದ ಜ್ಞಾನವಿಲ್ಲದೆ ಸಮಾಜಕ್ಕೆ ಐಕ್ಯವಿಲ್ಲವೆಂದ ಕಾಮ್ಟನ ಮಾತು ನಿಜ. ಆ ಜ್ಞಾನವನ್ನು ಪಂಡಿತರು ವಿಧಿಸಿ ಜನರು ಪಾಲಿಸತಕ್ಕದ್ದೆಂಬ ಅವನ ಒಲವನ್ನು ಹೆಬ್ಬಾಳದ ಹೊಲವೂ ಮಲೆನಾಡಿನ ತೋಟವೂ ಸಮರ್ಥಿಸುವುದಿಲ್ಲ. ಜನರನ್ನು ಕೂಡಿಸುವುದು ಒಪ್ಪಿಕೊಂಡ ಸಿದ್ಧಾಂತವಲ್ಲ. ಎಲ್ಲರ ಕೈಗೂ ಎಟುಕುವ ಪರೀಕ್ಷೆ, ಎಲ್ಲರಿಗೂ ಅರ್ಥವಾಗುವ ಮಾತು. ಇವೆರಡೂ ಕೂಡಿದಲ್ಲಿ ರಾಗಿಯ ಬೀಜವೂ ಮೈಲುತುತ್ತದ ನೀರೂ ಊರಿನ ಸೊತ್ತಾದುವು. ಇವುಗಳಲ್ಲಿ ಒಂದು ತಪ್ಪಿದಲ್ಲಿ ವಿದ್ಯೆಯು ಪ್ರಾಕಾರದೊಳಗೆಯೇ ಉಳಿಯಿತು.