ಹಿಪ್ ರಿಪ್ಲೇಸ್‌ಮೆಂಟ್ ಕತೆ, ಭಾಗ 4: ಎರಡನೇ ಸಲ ಉದ್ದದ ಸ್ಟೆಮ್ ಯಾಕೆ?

ಹೋದ ಭಾಗದಲ್ಲಿ 1962ರ ನವೆಂಬರ್‌ಗೆ ಬಂದು ನಿಂತಿದ್ವಿ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಟೆಫ್ಲಾನ್ ಬಟ್ಟಲು ಬಿಟ್ಟು ಪಾಲಿಥೀನ್ ಬಟ್ಟಲು ಹಾಕೋಕೆ ಶುರು ಮಾಡಿದ್ದು ಆಗ. ಆ ಕೀಲುಗಳು ವರ್ಷಗಟ್ಟಲೆ ಬಾಳಿದವು. ಆದರೆ ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಸವೆದು ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗತ್ತೆ. ಆ ಪುಡಿಗೆ ದೇಹ ಕೆರಳಿ ಸುತ್ತಲಿನ ಮೂಳೆಯನ್ನೇ ಕರಗಿಸತ್ತೆ. ಹೀಗೆ ಕೆಲವರಲ್ಲಿ ತೊಡೆಮೂಳೆಯೊಳಗಿನ ಲೋಹದ ಸ್ಟೆಮ್ ಸಡಿಲವಾಯ್ತು. ಅದನ್ನು ತೆಗೆದು ಹೊಸದು ಹಾಕೋ ಆಪರೇಷನ್ನೇ ರಿವಿಷನ್.

ರಿವಿಷನ್ ಕಷ್ಟ ಯಾಕೆ ಅಂದ್ರೆ, ಹಳೇ ಸ್ಟೆಮ್, ಹಳೇ ಸಿಮೆಂಟ್ ತೆಗೆದಾಗ ಮೂಳೆಯ ಮೇಲ್ಭಾಗ ಗೆದ್ದಲು ತಿಂದ ಕಂಬದ ಥರ ಇರತ್ತೆ. ಅಲ್ಲಿ ಹೊಸ ಸ್ಟೆಮ್‌ಗೆ ಹಿಡಿತ ಸಿಗಲ್ಲ. ಹಾಗಾಗಿ ಕೆಳಗಿನ ಗಟ್ಟಿ ಮೂಳೆ ತನಕ ಹೋಗಬೇಕು. 1980ರ ದಶಕದಲ್ಲಿ ಜರ್ಮನಿಯ ಹೈಂಜ್ ವಾಗ್ನರ್ ಮಾಡಿದ್ದು ಇದನ್ನೇ: ಕೆಳಗೆ ಹೋದಂತೆ ಸಣ್ಣಗಾಗುವ, ಉದ್ದುದ್ದ ಏಣುಗಳಿರುವ ಟೈಟಾನಿಯಂ ಸ್ಟೆಮ್. ಮೂಳೆ ಹಾಳಾದ ಜಾಗ ದಾಟಿ, ಮೂಳೆಯ ಅಗಲದ ಎರಡರಷ್ಟಾದರೂ ಕೆಳಗೆ ಸ್ಟೆಮ್ ಇಳಿಯಬೇಕು ಅನ್ನೋ ಲೆಕ್ಕ ಸರ್ಜನ್‌ಗಳಲ್ಲಿ ರೂಢಿಯಾಯ್ತು.

ಹಾಗಾದ್ರೆ ಉದ್ದ ಇದ್ದಷ್ಟೂ ಒಳ್ಳೇದಾ? ಅಲ್ಲ. ಭಾರ ಬಿದ್ದ ಕಡೆ ಮೂಳೆ ಬಲಿಯತ್ತೆ, ಬೀಳದ ಕಡೆ ಸೊರಗತ್ತೆ ಅಂತ 1892ರಲ್ಲೇ ಬರ್ಲಿನ್ನಿನ ಜೂಲಿಯಸ್ ವೋಲ್ಫ್ ಬರೆದಿದ್ರು. ಕೋಬಾಲ್ಟ್ ಕ್ರೋಮ್ ಲೋಹ ಮೂಳೆಗಿಂತ ಹತ್ತು ಪಟ್ಟಿಗೂ ಹೆಚ್ಚು ಬಿಗಿ, ಟೈಟಾನಿಯಂ ಅದರ ಅರ್ಧದಷ್ಟು. ಬಿಗಿಯಾದ ಉದ್ದ ಸ್ಟೆಮ್ ಕೆಳಗಷ್ಟೇ ಕಚ್ಚಿ ನಿಂತರೆ, ಮೈಭಾರ ಲೋಹದಲ್ಲೇ ಇಳಿದು ಕೆಳಗಿನ ಮೂಳೆಗೆ ಸೇರತ್ತೆ. ಮೇಲಿನ ಮೂಳೆ ಕೆಲಸವಿಲ್ಲದೆ ತೆಳುವಾಗತ್ತೆ. ಇದೇ ಸ್ಟ್ರೆಸ್ ಶೀಲ್ಡಿಂಗ್. ಇನ್ನು ಸ್ಟೆಮ್ ಮುಗಿಯೋ ತುದಿಯಲ್ಲಿ ಒತ್ತಡ ಒಟ್ಟಾಗತ್ತೆ. ಕೆಲವರಿಗೆ ಅಲ್ಲೇ ತೊಡೆನೋವು, ಬಿದ್ದರೆ ಅಲ್ಲೇ ಮುರಿತ. ತೊಡೆಮೂಳೆ ಸ್ವಲ್ಪ ಮುಂದಕ್ಕೆ ಬಾಗಿರೋದರಿಂದ ಉದ್ದದ ನೇರ ಸ್ಟೆಮ್ ಮುಂಭಾಗದ ಗೋಡೆಗೆ ತಾಗುವ ಅಪಾಯವೂ ಇದೆ.

ಇನ್ನೊಂದು ದಾರಿ ಹಾಳಾದ ಮೂಳೆಯನ್ನೇ ರಿಪೇರಿ ಮಾಡೋದು. ನೆದರ್‌ಲೆಂಡ್ಸ್‌ನ ನೈಮೇಖನ್‌ನಲ್ಲಿ ಟಾಮ್ ಸ್ಲೂಫ್ ಬಟ್ಟಲಿನ ಜಾಗಕ್ಕೆ ದಾನದ ಮೂಳೆಯ ಚೂರು ತುಂಬಿ ಕುಟ್ಟುತ್ತಿದ್ರು. ಇಂಗ್ಲೆಂಡಿನ ಎಕ್ಸೆಟರ್‌ನವರು 1980ರ ದಶಕದ ಕೊನೆಯಲ್ಲಿ ತೊಡೆಮೂಳೆಗೂ ಅದನ್ನೇ ತಂದು, ಒಳಗೆ ಸಿಮೆಂಟ್ ಹಾಕಿ ನುಣುಪಾದ ಸ್ಟೆಮ್ ಇಳಿಸಿದ್ರು. ಭಾರ ಮತ್ತೆ ಮೇಲಿನ ಮೂಳೆಗೂ ಸಿಕ್ಕಿತು. ಆದರೆ ಕೆಲಸ ನಿಧಾನ, ಎಲ್ಲರಿಗೂ ಹೊಂದಲ್ಲ.

ಹಾಗಾಗಿ ಇವತ್ತಿಗೂ ಸರ್ಜನ್ ಮುಂದಿರೋ ಪ್ರಶ್ನೆ ಇದು: ಹಿಡಿತಕ್ಕೆ ಬೇಕಾದಷ್ಟು ಉದ್ದ, ಅದಕ್ಕಿಂತ ಹೆಚ್ಚಿಲ್ಲ, ಆ ಅಳತೆ ಎಲ್ಲಿ?

ಊರಲ್ಲಿ ಅಪ್ಪ ಅಮ್ಮನಿಗೆ ಹಿಪ್ ಆಪರೇಷನ್ ಆಗಿದ್ರೆ ಡಿಸ್ಚಾರ್ಜ್ ಪೇಪರ್, ಇಂಪ್ಲಾಂಟ್ ಸ್ಟಿಕ್ಕರ್, ಹಳೇ ಎಕ್ಸ್‌ರೇ ಜೋಪಾನವಾಗಿಡಿ. ಮುಂದೆ ರಿವಿಷನ್ ಬೇಕಾದ್ರೆ ಒಳಗಿರೋದು ಯಾವ ಸ್ಟೆಮ್, ಎಷ್ಟು ಉದ್ದ ಅಂತ ಹೇಳೋದು ಅವೇ. ವರ್ಷಗಳ ನಂತರ ನಡೆಯುವಾಗ ಹೊಸದಾಗಿ ತೊಡೆನೋವು ಬಂದರೆ ವಯಸ್ಸಾಯ್ತು ಅಂತ ಬಿಡಬೇಡಿ, ಒಂದು ಎಕ್ಸ್‌ರೇ ಮಾಡಿಸಿ.

ಭಾಗ 5ರಲ್ಲಿ ಬೋನ್ ಸಿಮೆಂಟ್ ಕತೆ.