ಕಲ್ಯಾಣದ ಮೊರೆತ, ಕೋಲಾರದ ಮಿಡಿತ

ಒಂದು ಸಣ್ಣ ಸರ್ಕೀಟಿನಿಂದ ಶುರು ಮಾಡೋಣ. ಬಿ.ಸಿ. 547 ಎಂಬ ಅಗ್ಗದ ಟ್ರಾನ್ಸಿಸ್ಟರ್ ತೆಗೆದುಕೊಳ್ಳಿ. ಕಲೆಕ್ಟರ್ ಕಾಲನ್ನು ಖಾಲಿ ಬಿಡಿ, ಬೇಸನ್ನು ಗ್ರೌಂಡಿಗೆ ಸೇರಿಸಿ, ದೊಡ್ಡ ರೆಸಿಸ್ಟರ್ ಮೂಲಕ ಎಮಿಟರಿಗೆ 12 ವೋಲ್ಟ್ ಕೊಡಿ. ಉಲ್ಟಾ ದಿಕ್ಕಿನ ಒತ್ತಡ ತಾಳದೆ ಅದು ಸಣ್ಣಗೆ ಮೊರೆಯತೊಡಗುತ್ತದೆ. ಆ ಮೊರೆತವನ್ನು ಆಂಪ್ಲಿಫೈಯರಿನಲ್ಲಿ ಹಿಗ್ಗಿಸಿ ಎಲ್.ಎಂ. 393 ಕಂಪ್ಯಾರೇಟರಿಗೆ ಕೊಟ್ಟು, ಒಂದು ಮಿತಿ ಗೊತ್ತುಮಾಡಿ. ಮೊರೆತ ಮಿತಿ ದಾಟಿದಾಗಲೆಲ್ಲ ಒಂದು ಪಲ್ಸ್. ಮಿತಿ ಏರಿಸಿದಷ್ಟೂ ಪಲ್ಸ್ ವಿರಳ. ಮುಂದಿನದು ಯಾವಾಗ ಎಂಬುದು ಕಟ್ಟಿದವರಿಗೂ ತಿಳಿಯದು.

ಹೀಗೆ ಹೊತ್ತುಗೊತ್ತಿಲ್ಲದ ಮೊರೆತ ಮತ್ತು ಪಲ್ಸ್‌ಗಳ ನಡುವೆ ನಿಜವನ್ನು ಹೆಕ್ಕುವುದು ಹೇಗೆ? 1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಎರಡು ಊರುಗಳಲ್ಲಿ ಇದೇ ಪ್ರಶ್ನೆಯೊಡನೆ ಸೆಣಸುತ್ತಿದ್ದರು.

ಒಂದು ಊರು ಕಲ್ಯಾಣ. ಬಸವಣ್ಣನವರದಲ್ಲ; ಲೋಕಲ್ ರೈಲಿನಲ್ಲಿ ಠಾಣೆ, ಡೊಂಬಿವಲಿ ದಾಟಿದರೆ ಸಿಗುವ ಕಲ್ಯಾಣ. 1963ರಲ್ಲಿ ಭಾರತಕ್ಕೆ ಮರಳಿದ ಗೋವಿಂದ ಸ್ವರೂಪ್ ಅಲ್ಲಿ 32 ರೇಡಿಯೋ ತಟ್ಟೆಗಳನ್ನು ನಿಲ್ಲಿಸಿದರು. ಒಂದೊಂದರ ಅಗಲ 1.8 ಮೀಟರ್. ಆಸ್ಟ್ರೇಲಿಯಾದವರು ಬಳಸಿ ಬಿಟ್ಟು, ಉದಾರವಾಗಿ ಕೊಟ್ಟಿದ್ದ ತಟ್ಟೆಗಳು ಅವು. ಸೂರ್ಯನ ರೇಡಿಯೋ ಅಲೆ ಅವುಗಳಿಗೆ ಬರುವುದೂ ಮೊರೆತವಾಗಿಯೇ. ಒಂದೇ ತಟ್ಟೆಯಲ್ಲಿ ಕೇಳಿದರೆ ನಮ್ಮ ಟ್ರಾನ್ಸಿಸ್ಟರಿನ ಸದ್ದಿಗೂ ಅದಕ್ಕೂ ವ್ಯತ್ಯಾಸ ಕಾಣದು. ಆದರೆ ಸೂರ್ಯನ ಮೇಲಿನ ಒಂದೇ ಜಾಗದಿಂದ ಹೊರಟ ಮೊರೆತ ಎಲ್ಲ ತಟ್ಟೆಗಳಿಗೂ ಒಂದೇ ಏರಿಳಿತವನ್ನು ಒಯ್ಯುತ್ತದೆ. ತಟ್ಟೆಗಳ ಸಂಕೇತಗಳನ್ನು ಕೂಡಿಸಿದಾಗ ಒಂದು ದಿಕ್ಕಿನದು ಬಲಗೊಳ್ಳುತ್ತದೆ, ಉಳಿದವು ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಸೂರ್ಯನ ಯಾವ ಭಾಗ ಎಷ್ಟು ಪ್ರಖರ ಎಂಬುದನ್ನು ಹೀಗೆ ಅಳೆದರು.

ಇನ್ನೊಂದು ಊರು ಕೋಲಾರ ಚಿನ್ನದ ಗಣಿ. ಅಲ್ಲಿ ಲೆಕ್ಕ ಹಾಕಬೇಕಾಗಿದ್ದದ್ದು ಪಲ್ಸ್‌ಗಳನ್ನು. ನಂಜನಗೂಡಿನಲ್ಲಿ ಹುಟ್ಟಿ 1948ರಲ್ಲಿ ಟಾಟಾ ಸಂಸ್ಥೆ ಸೇರಿದ ಬಿ.ವಿ. ಶ್ರೀಕಂಠನ್, 1950ರ ದಶಕದ ಆರಂಭದಲ್ಲಿ ಗೈಗರ್ ಕೌಂಟರುಗಳನ್ನು ಗಣಿಗೆ ಇಳಿಸಿ ವಿಶ್ವಕಿರಣ ಅಳೆಯತೊಡಗಿದ್ದರು. ಒಂದು ಕೌಂಟರಿನ ಪಲ್ಸನ್ನು ಮಾತ್ರ ನಂಬುವಂತಿಲ್ಲ. ಸುತ್ತಲ ಬಂಡೆಯ ವಿಕಿರಣವೂ ಅದನ್ನು ಮಿಡಿಸುತ್ತದೆ. ಎರಡು ಕೌಂಟರುಗಳು ಒಟ್ಟಿಗೆ ಮಿಡಿದರೆ ಮಾತ್ರ ಒಂದೇ ಕಣ ಎರಡನ್ನೂ ಹಾಯ್ದಿದೆ ಎನ್ನಬಹುದು. ಈ ಕೂಡುಮಿಡಿತದ ವಿಧಾನಕ್ಕಾಗಿಯೇ ವಾಲ್ಟರ್ ಬೋಥೆಗೆ 1954ರಲ್ಲಿ ನೊಬೆಲ್ ಬಂದಿತು. ಎಷ್ಟು ಕೌಂಟರುಗಳನ್ನಾದರೂ ಸೇರಿಸಬಲ್ಲ ವಾಲ್ವ್ ಸರ್ಕೀಟನ್ನು ಬ್ರೂನೋ ರೊಸ್ಸಿ 1930ರಲ್ಲೇ ಪ್ರಕಟಿಸಿದ್ದರು.

ಆದರೆ ಆಕಸ್ಮಿಕವೂ ಕೂಡಿಬರುತ್ತದೆ. ಸೆಕೆಂಡಿಗೆ 100 ಬಾರಿ ಮಿಡಿಯುವ ಎರಡು ಕೌಂಟರುಗಳಿವೆ, ಒಂದು ಮೈಕ್ರೋಸೆಕೆಂಡಿನೊಳಗೆ ಬಂದ ಎರಡನ್ನೂ ಸರ್ಕೀಟು 'ಒಟ್ಟಿಗೆ' ಎನ್ನುತ್ತದೆ ಎಂದುಕೊಳ್ಳಿ. ಸುಮಾರು 50 ಸೆಕೆಂಡಿಗೊಮ್ಮೆ ಸುಳ್ಳು ಜೋಡಿ ಬೀಳುತ್ತದೆ. ಮೂರನೆಯ ಕೌಂಟರ್ ಸೇರಿಸಿದರೆ ಅಂಥ ಸುಳ್ಳು ನಾಲ್ಕು ದಿನಕ್ಕೊಂದಾಗುತ್ತದೆ.

ಗಣಿಯಲ್ಲಿ ಈ ಲೆಕ್ಕವೇ ಅಳಿವು ಉಳಿವಿನ ಪ್ರಶ್ನೆ. ಅತಿ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಕಣವೂ ಬಾರದಿದ್ದುದರಿಂದಲೇ ಅದು ನ್ಯೂಟ್ರಿನೋ ಹಿಡಿಯಲು ಒಳ್ಳೆಯ ಜಾಗವೆಂದು ತಿಳಿದದ್ದು. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಾಟಾ ಸಂಸ್ಥೆ, ಒಸಾಕಾ ಮತ್ತು ಡರ್ಹಮ್‌ನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋದ ಗುರುತನ್ನು ಕಂಡರು, ಆಗಸ್ಟಿನಲ್ಲಿ ಪ್ರಕಟಿಸಿದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ವರದಿಯೂ ಅದೇ ತಿಂಗಳು ಬಂತು. ಕೈಬೆರಳಲ್ಲಿ ಎಣಿಸುವಷ್ಟು ಘಟನೆಗಳ ನಡುವೆ ಒಂದು ಸುಳ್ಳು ಜೋಡಿ ನುಸುಳಿದ್ದರೂ ಮಾನ ಹೋಗುತ್ತಿತ್ತು.

ಅದಕ್ಕೇ ಇಂಥ ಉಪಕರಣವನ್ನು ಗಡಿಯಾರದಂತೆ ಟಿಕ್ ಟಿಕ್ ಎನ್ನುವ ಪಲ್ಸ್‌ಗಳಿಂದ ಮಾತ್ರ ಪರೀಕ್ಷಿಸಿದರೆ ಸಾಲದು. ಗಡಿಯಾರದ ಎರಡು ಪಲ್ಸ್‌ಗಳು ಒಂದರ ಬೆನ್ನಿಗೊಂದು ಮುಗಿಬೀಳುವುದಿಲ್ಲ, ನಿಸರ್ಗದವು ಬೀಳುತ್ತವೆ. ಮೇಜಿನ ಮೇಲಿನ ನಮ್ಮ ಸರ್ಕೀಟು ಉಪಯೋಗಕ್ಕೆ ಬರುವುದು ಇಲ್ಲಿ. ಅದನ್ನೂ ಮೊದಲು ಪರೀಕ್ಷಿಸಿ. ಹತ್ತು ಸೆಕೆಂಡಿನ ಎಣಿಕೆಯನ್ನು ಮತ್ತೆ ಮತ್ತೆ ಬರೆದಿಡಿ. ಸರಾಸರಿ 100 ಇದ್ದರೆ ಸಾಮಾನ್ಯವಾಗಿ ಹತ್ತರಷ್ಟು ಅತ್ತಿತ್ತ ಓಲಾಡಬೇಕು. ಪ್ರತಿ ಸಲವೂ 99, 100, 101 ಎಂದೇ ಬಂದರೆ ಅನುಮಾನಪಡಿ: ಎಲ್ಲಿಂದಲೋ ಒಂದು ಗಡಿಯಾರ ಒಳಗೆ ನುಸುಳಿದೆ.